ನಗಾರಿಯ ಎರಡು ಪೆಟ್ಟು

"ಗುರುಗಳೇ, ಗಡಿಯಾಚೆಯವರ ಲೆಕ್ಕವನ್ನು ನಂಬುವುದು ಹೇಗೆ?" ಎಂದು ಇಂದುಧರ ಕೇಳಿದ. ನೆರೆ-ಬರಗಳ ಜಂಟಿ ಅಧ್ಯಯನಕ್ಕೆಂದು ಅವನು ಮರುದಿನ ನದಿಯ ಮೇಲ್ಭಾಗದ ರಾಜ್ಯಕ್ಕೆ ಹೊರಟಿದ್ದ.

ಗುರು ಮಡಿವಾಳಯ್ಯನವರು ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಮಡಿಚಿ ಕೂತರು. "ಏಳು ದೇಶಗಳ ನದಿ ಜಗಳ ಬಿಡಿಸಿದವನು ನಾನು. ಸುಳ್ಳು. ನಮ್ಮ ಓಣಿಯ ನಲ್ಲಿ ಜಗಳವೇ ನನ್ನಿಂದ ಬಿಡಿಸಲಾಗಲಿಲ್ಲ. ಆದರೂ ಕೇಳು," ಎಂದು ಕತೆ ತೆಗೆದರು.

ಒಂದು ನದಿ, ಎರಡು ರಾಜ್ಯ. ಮೇಲೊಂದು, ಕೆಳಗೊಂದು. ಎರಡು ಕಡೆಯೂ ನೀರಿಗಿಳಿಯಲು ಹನ್ನೆರಡು ಮೆಟ್ಟಿಲು, ಅವನ್ನು ಎಣಿಸಲು ಒಬ್ಬೊಬ್ಬ ಕಾವಲುಗಾರ. ಮೇಲಿನವನು ಎಣಿಸಿದಷ್ಟು ಪೆಟ್ಟು ನಗಾರಿ ಬಾರಿಸುತ್ತಿದ್ದ. ಊರಿಂದೂರಿಗೆ ಅದೇ ಪೆಟ್ಟು ಸಾಗಿ, ನೀರಿಗಿಂತ ಮೊದಲೇ ಕೆಳಗಿನವರನ್ನು ಮುಟ್ಟುತ್ತಿತ್ತು.

ಒಂದು ಬೇಸಿಗೆಯಲ್ಲಿ ಎರಡು ಪೆಟ್ಟು ಕೇಳಿತು. ಕೆಳಗಿನವರು ನೆರೆ ಬಂತೆಂದು ಕೋಳಿ, ಕೊಡ, ಮುದುಕರನ್ನೆಲ್ಲ ಹೊತ್ತು ಗುಡ್ಡ ಹತ್ತಿ ಬಿಸಿಲಲ್ಲಿ ಬೆಂದರು. ನದಿಯಲ್ಲಿ ಮರಳು ಹಾರುತ್ತಿತ್ತು. ಮಳೆಗಾಲದಲ್ಲಿ ಹತ್ತು ಪೆಟ್ಟು ಕೇಳಿತು. ನಿಶ್ಚಿಂತೆಯಿಂದ ಉಂಡು ಮಲಗಿದರು. ನೀರು ಅಡುಗೆಮನೆಗೇ ಬಂತು. ಮೇಲಿನವರ ಬಾಯಲ್ಲಿ ನಿಜ ಹುಟ್ಟುವುದಿಲ್ಲವೆಂದು ಊರೆಲ್ಲ ಶಪಿಸಿತು.

ಮರುವರ್ಷ ಮಳೆ ಹಿಡಿದಾಗ, ಆ ಸುಳ್ಳನನ್ನು ಕೈಯಾರೆ ಹಿಡಿಯುತ್ತೇನೆಂದು ಕೆಳಗಿನ ಕಾವಲುಗಾರ ಗಡಿ ದಾಟಿದ. ಅವನ ತುಂಬುಬಸುರಿ ಮಗಳು ನದಿದಂಡೆಯ ಮನೆಯಲ್ಲೇ ಇದ್ದಳು. ಅವನು ತಲುಪಿದಾಗ ಮೇಲಿನ ದಂಡೆಯಲ್ಲಿ ಎರಡೇ ಮೆಟ್ಟಿಲು ಉಳಿದಿದ್ದವು. ಮೇಲಿನವನು ಮುಳುಗಿದ ಮೆಟ್ಟಿಲುಗಳನ್ನು ಎಣಿಸಿ, ಹತ್ತು ಪೆಟ್ಟು ಬಾರಿಸಲು ಕೋಲೆತ್ತಿದ್ದ. ಕೆಳಗಿನವನು ಕೋಲು ಕಿತ್ತುಕೊಂಡು ಎರಡೇ ಬಾರಿಸಿದ.

"ಹತ್ತು ಮುಳುಗಿವೆ. ನಿನ್ನ ಊರನ್ನು ನೀನೇ ಕೊಲ್ಲುತ್ತೀಯಾ?" ಎಂದ ಮೇಲಿನವನು.

"ನಮ್ಮವರು ಉಳಿದ ಮೆಟ್ಟಿಲು ಎಣಿಸುವವರು ಕಣಯ್ಯಾ. ಹತ್ತು ಕೇಳಿದರೆ ಹೊದ್ದು ಮಲಗುತ್ತಾರೆ."

ಮೇಲಿನವನು ಹಣೆ ಹಿಡಿದು ಕುಸಿದು ಕೂತ.

ಕೆಳಗಿನವರು ಗೊಣಗುತ್ತಲೇ ಗುಡ್ಡ ಹತ್ತಿದರು. ನೀರು ಬಂದು ಖಾಲಿ ಮನೆಗಳನ್ನು ತೊಳೆದುಕೊಂಡು ಹೋಯಿತು. ಕಾವಲುಗಾರ ಓಡೋಡಿ ಬಂದಾಗ ಮಗಳು ಗುಡ್ಡದ ಮೇಲೆ ಕಂಬಳಿ ಹೊದ್ದು ಕೂತು, ಇಂಥ ಹೊತ್ತಲ್ಲಿ ಅಪ್ಪ ಎಲ್ಲಿ ತಿರುಗಲು ಹೋದನೋ ಎಂದು ಬೈಯುತ್ತಿದ್ದಳು. ಆ ಬೈಗುಳ ಕಿವಿಗೆ ಬಿದ್ದ ಮೇಲೆಯೇ ಅವನಿಗೆ ಹೋದ ಜೀವ ಬಂದದ್ದು.

ಇಂದುಧರನೂ ಉಸಿರುಬಿಟ್ಟ. "ಹಾಗಾದರೆ ಸುಳ್ಳು ಹೇಳಿದವರು ಯಾರು?"

"ಯಾರೂ ಇಲ್ಲ, ಆಚೆಯವರ ಮೆಟ್ಟಿಲ ಮೇಲೆ ಹೋಗಿ ಕೂತವರೂ ಯಾರೂ ಇರಲಿಲ್ಲ."

ಗುರುಗಳು ಖಾಲಿ ಲೋಟ ತೋರಿಸಿ, ದುಡ್ಡು ನೀನೇ ಕೊಡೆಂದು ಕಣ್ಣಲ್ಲೇ ಸನ್ನೆ ಮಾಡಿದರು.