ಗಂಡು ಮೀನಿನ ಕೆಲಸ

ಸಮುದ್ರದ ಮೀನನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಮರಿ ಮಾಡಿಸುವುದರಲ್ಲಿ ಜಲಜಕ್ಕನನ್ನು ಮೀರಿಸಿದವರು ಆ ಕಡಲೂರಿನಲ್ಲಿ ಇರಲಿಲ್ಲ. ಮೀರಿಸುವುದು ಹಾಗಿರಲಿ, ಆ ಹುಚ್ಚು ಹಿಡಿದವರೇ ಇನ್ನೊಬ್ಬರಿರಲಿಲ್ಲ, ಯಶವಂತ ಬಂದು ಶಿಷ್ಯನಾಗುವ ತನಕ.

ಯಶವಂತನದು ಗಡಿಯಾರ ರಿಪೇರಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಏನು ಕೆಟ್ಟರೂ ಬಿಚ್ಚಿ ಕೈ ಹಾಕದೆ ಬಿಡುವ ಆಸಾಮಿಯಲ್ಲ. ಅವನ ಕಾಟ ತಾಳಲಾರದೆ ಜಲಜಕ್ಕ ಒಂದು ಜೋಡಿ ಕ್ಲೌನ್ ಮೀನು ಕೊಟ್ಟಿದ್ದರು. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆ, ನೋಡಿದರೆ ದೃಷ್ಟಿಯಾಗಬೇಕು.

ಒಂದು ಬೆಳಿಗ್ಗೆ ಯಶವಂತ ನೀರು ತುಂಬಿದ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಬಂದ. ಮುಖ ಊದಿಕೊಂಡಿತ್ತು. ಕವರಿನೊಳಗೆ ಗಂಡು ಮೀನು ಸುತ್ತುತ್ತಿತ್ತು.

"ಇವನನ್ನು ವಾಪಸ್ ತಗೊಳ್ಳಿ ಜಲಜಕ್ಕ. ಬೇರೆ ಗಂಡು ಕೊಡಿ."

"ಎಂತ ಮಾಡಿದ ಇವ?"

"ಹೆತ್ತ ಮಕ್ಕಳನ್ನೇ ತಿನ್ನುವ ಪಾಪಿ! ಹೆಣ್ಣು ಮಡಕೆ ಚೂರಿನ ಮೇಲೆ ಮೊಟ್ಟೆ ಇಡ್ತದೆ, ಇವ ಹೋಗಿ ಬಾಯಿ ಹಾಕಿ ಒಂದೊಂದೇ ಕಿತ್ತು ನುಂಗ್ತಾನೆ. ಕಣ್ಣಾರೆ ಕಂಡಿದ್ದೇನೆ."

"ಕಂಡು ನೀನು ಎಂತ ಮಾಡಿದೆ?"

"ಪ್ರತೀ ಸಲ ಇವನನ್ನು ಎತ್ತಿ ಬೇರೆ ಡಬ್ಬಕ್ಕೆ ಹಾಕಿದೆ."

"ಮೊಟ್ಟೆ ಉಳಿಯಿತಾ?"

ಯಶವಂತ ಕವರನ್ನು ಅವರ ಕೈಗಿಟ್ಟ.

"ಇಲ್ಲ. ಎಲ್ಲ ಬೂಷ್ಟು ಹಿಡಿದು ಹೋಯಿತು. ಮೊನ್ನೆ ಮತ್ತೆ ಇಟ್ಟಿದೆ. ಈ ಸಲವೂ ಮರಿ ಉಳಿಯದಿದ್ದರೆ ತೊಟ್ಟಿಯನ್ನು ಯಾರಿಗಾದರೂ ಕೊಟ್ಟು ಕೈ ತೊಳ್ಕೊಳ್ತೇನೆ. ನನ್ನ ಹೊಟ್ಟೆ ಉರಿದು ಹೋಗಿದೆ."

ಜಲಜಕ್ಕ ವಾದಕ್ಕೆ ಇಳಿಯಲಿಲ್ಲ. ಗಂಡು ಮೀನನ್ನು ತಮ್ಮ ತೊಟ್ಟಿಗೆ ಬಿಟ್ಟರು. ಹಿತ್ತಲಿಗೆ ಹೋಗಿ ಒಂದು ಕೋಳಿಗರಿ ಹೆಕ್ಕಿ, ತೊಳೆದು ತಂದು ಅವನ ಕೈಗಿಟ್ಟರು.

"ಇದು ಎಂತಕ್ಕೆ?"

"ಗಂಡು ಇಲ್ಲಿರಲಿ. ಇವತ್ತು ಅವನ ಕೆಲಸ ನೀನು ಮಾಡು. ಗರಿಯನ್ನು ನೀರಿನಲ್ಲಿ ಮುಳುಗಿಸಿ ಮೊಟ್ಟೆಗೆ ಬೀಸು, ಅದಕ್ಕೂ ಉಸಿರು ಬೇಕಲ್ಲ. ಸಂಜೆ ಬರ್ತೇನೆ."

"ಇಡೀ ದಿನವಾ?"

"ಅವ ಯಾವತ್ತಾದರೂ ರಜೆ ಕೇಳಿದ್ದುಂಟಾ?"

ಯಶವಂತ ಅಂಗಡಿಯ ಬಾಗಿಲು ಎಳೆದುಕೊಂಡು ತೊಟ್ಟಿಯ ಮುಂದೆ ಕೂತ. ಅಂಗಿಯ ತೋಳು ಮಡಚಿ ನೀರಿಗೆ ಕೈ ಇಳಿಸಿದ್ದೇ ತಡ, ಹೆಣ್ಣು ಮೀನು ಬಂದು ಬೆರಳಿಗೆ ಕಚ್ಚಿತು. ಅಯ್ಯಬ್ಬಾ ಅಂದ. ಆದರೂ ಬೀಸಿದ. ಬೀಸುತ್ತಲೇ ಇದ್ದ. ಮಧ್ಯಾಹ್ನದ ಹೊತ್ತಿಗೆ ಭುಜ ಕಳಚಿ ಬೀಳುವ ಹಾಗಾಯಿತು.

"ಊಟಕ್ಕೆ ಏಳ್ತೀರಾ, ಇಲ್ಲ ನಿಮಗೂ ತೊಟ್ಟಿಗೇ ಹಾಕಿಬಿಡಲಾ?" ಹೆಂಡತಿ ಗಿರಿಜೆ ಅಡುಗೆಮನೆಯಿಂದ ಕೂಗಿದಳು.

ಆ ಗಂಡು ಮೀನು ಹೊತ್ತುಹೊತ್ತಿಗೂ ಮೊಟ್ಟೆಯ ಮುಂದೆ ರೆಕ್ಕೆ ಆಡಿಸುತ್ತಿದ್ದದ್ದು ಅವನಿಗೆ ಈಗ ನೆನಪಾಯಿತು. ಆಟ ಅಂದುಕೊಂಡಿದ್ದ.

ಊಟ ಮುಗಿಸಿ ಬಂದವನು, ರಿಪೇರಿಗೆ ಬಳಸುವ ಕಣ್ಣಿನ ಮಸೂರ ಸಿಕ್ಕಿಸಿಕೊಂಡು ಮೊಟ್ಟೆಗಳನ್ನು ನೋಡಿದ. ಕಿತ್ತಳೆ ಬಣ್ಣದ ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು ಬೆಳ್ಳಗೆ ಬಿಳಿಚಿಕೊಂಡಿತ್ತು. ಕೆಲವಕ್ಕೆ ಆಗಲೇ ಬೂಷ್ಟಿನ ಎಳೆ. ಅವನ ಕೈ ತಾನಾಗಿ ಚಿಮಟಕ್ಕೆ ಹೋಯಿತು.

ಸಂಜೆ ಜಲಜಕ್ಕ ಬಕೆಟು ಹಿಡಿದು ಬಂದರು. ಬಕೆಟಿನಲ್ಲಿ ಗಂಡು ಮೀನು.

"ಎಂತ ಮಾಡ್ತಿದ್ದೀ?"

"ಸತ್ತದ್ದನ್ನು ಕೀಳ್ತಿದ್ದೇನೆ ಜಲಜಕ್ಕ. ಬಿಟ್ಟರೆ ಬೂಷ್ಟು ಪಕ್ಕದ್ದಕ್ಕೂ ಹತ್ತುತ್ತದೆ."

"ಅಯ್ಯೋ ಪಾಪಿ! ಹೆತ್ತ ಮಕ್ಕಳನ್ನೇ ತಿಂತಿದ್ದೀಯಲ್ಲ!"

ಯಶವಂತನ ಚಿಮಟ ನೀರಿನಲ್ಲೇ ನಿಂತಿತು. ನಾಚಿಕೆಯೂ ಆಯಿತು, ನಗುವೂ ಬಂತು. ಬಕೆಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಗುರುವಿಗಲ್ಲ, ಮೀನಿಗೆ ಹೇಳಿದ:

"ತಪ್ಪಾಯಿತು ಮಾರಾಯ."

ತೊಟ್ಟಿಗೆ ಬಿಟ್ಟ ಕೂಡಲೇ ಗಂಡು ಮೀನು ಸೀದಾ ಮಡಕೆ ಚೂರಿನ ಹತ್ತಿರ ಹೋಯಿತು. ರೆಕ್ಕೆ ಆಡಿಸತೊಡಗಿತು.

ಆಮೇಲೆ ಯಶವಂತ ತೊಟ್ಟಿಗೆ ಕೈ ಹಾಕಲಿಲ್ಲ. ಕೈ ತುರಿಸಿದಾಗೆಲ್ಲ ಹೋಗಿ ಯಾರದಾದರೂ ಹಳೇ ಗಡಿಯಾರ ಬಿಚ್ಚಿದ. ಮೊಟ್ಟೆಗಳು ಕಪ್ಪಾದವು, ಒಂದೊಂದರಲ್ಲೂ ಬೆಳ್ಳಿಯ ಹಾಗೆ ಹೊಳೆಯುವ ಕಣ್ಣು ಮೂಡಿತು. ವಾಚಿಗೆ ಬ್ಯಾಟರಿ ಹಾಕಿಸಲು ಬಂದವರನ್ನೂ ಅವನು ಬಿಡಲಿಲ್ಲ. ಒಳಗೆ ಕರೆದು ತೋರಿಸಿದ.

"ಅಪ್ಪ ಅಂದರೆ ಇವ ನೋಡಿ!"

ಒಂದು ಸಂಜೆ ಜಲಜಕ್ಕ ಬಂದು ಬಗ್ಗಿ ನೋಡಿದರು.

"ಇವತ್ತು ದೀಪ ಆರಿಸಿದರೆ ಮರಿ ಹೊರಗೆ ಬರ್ತದೆ. ಮಡಕೆ ಚೂರನ್ನು ಎತ್ತಿ, ಮರಿಗೆಂದು ಇಟ್ಟ ಆ ಸಣ್ಣ ತೊಟ್ಟಿಗಿಡು, ಗಾಳಿಗುಳ್ಳೆ ಏಳುವಲ್ಲಿ."

"ಅಪ್ಪ?"

"ಅವ ಇಲ್ಲೇ."

ಯಶವಂತನಿಗೆ ಸಿಟ್ಟೇ ಬಂತು. "ಇಷ್ಟು ದಿನ ಕಾದವನಿಂದ ಮಕ್ಕಳನ್ನು ಕಿತ್ತುಕೊಳ್ಳುವುದಾ? ನನ್ನಿಂದಾಗದು. ಆಗ ಮಾಡಿದ ಪಾಪವೇ ಸಾಕು."

"ಮೊಟ್ಟೆ ಇರುವ ತನಕ ಅವ ಅಪ್ಪ. ಮರಿ ಈಜಲು ಶುರು ಮಾಡಿದರೆ ಅವನ ಕಣ್ಣಿಗೆ ಅದು ತಿಂಡಿ. ಈ ಸಲ ನಿಜವಾಗಿಯೂ ತಿಂತಾನೆ."

ಯಶವಂತ ತೊಟ್ಟಿಯನ್ನೊಮ್ಮೆ, ಗುರುವನ್ನೊಮ್ಮೆ ನೋಡಿದ. ಮಡಕೆ ಚೂರಿಗೆ ಕೈ ಹಾಕಿ ಎತ್ತಿದ. ಹೆಣ್ಣು ಮತ್ತೊಮ್ಮೆ ಕಚ್ಚಿತು. ಕಚ್ಚಲಿ ಅಂದುಕೊಂಡ.

ದೀಪ ಆರಿಸಿದರು. ಕಾದು ಕೂತರು. ಗಿರಿಜೆ ಚಹಾ ತಂದಿಟ್ಟು ಹೋದಳು. ಚಹಾ ಕುಡಿದು, ಇನ್ನಷ್ಟು ಹೊತ್ತು ಕೂತು, ಆಮೇಲೆ ಜಲಜಕ್ಕ ಟಾರ್ಚಿಗೆ ಕರ್ಚೀಫು ಸುತ್ತಿ ಮಂದ ಬೆಳಕು ಹಿಡಿದರು. ಸಣ್ಣ ತೊಟ್ಟಿಯ ತುಂಬ ಸಾಸಿವೆಕಾಳಿನಂಥ ಜೀವಗಳು ತತ್ತರಿಸುತ್ತ ಈಜುತ್ತಿದ್ದವು.

ಯಶವಂತನ ಕಣ್ಣು ತುಂಬಿ ಬಂತು.

"ಮದುವೆ ದಿನವೂ ಇಷ್ಟು ಖುಷಿ ಆಗಿರಲಿಲ್ಲ ಜಲಜಕ್ಕ." ಪುಣ್ಯಕ್ಕೆ ಗಿರಿಜೆ ಅಲ್ಲಿರಲಿಲ್ಲ.

ಜಲಜಕ್ಕ ಮನೆಯಿಂದ ತಂದ ಬಾಟಲಿಯ ಹಸಿರು ನೀರನ್ನು ಮೆಲ್ಲಗೆ ಸುರಿದರು. ಅದರಲ್ಲಿ ಮರಿಗಳಿಗೆ ಬೇಕಾದ, ನಮ್ಮ ಕಣ್ಣಿಗೆ ಕಾಣದ ಆಹಾರ ಇತ್ತು. ನಾಳೆಗೂ ಕೊಡ್ತೇನೆ ಅಂದು ಎದ್ದರು.

ಯಶವಂತ ಅಂಗಡಿಯ ಬಾಗಿಲ ತನಕ ಹಿಂದೆಯೇ ಬಂದ.

"ಒಂದು ಮಾತ್ರ ತಲೆಗೆ ಹೋಗ್ತಿಲ್ಲ. ಆಗ ನಾನು ಮಾಡಿದ್ದೂ ಇದನ್ನೇ, ಅಪ್ಪನನ್ನು ಮಕ್ಕಳಿಂದ ಬೇರೆ ಮಾಡಿದ್ದು. ಅದು ತಪ್ಪಾಯಿತು. ಇವತ್ತು ನೀವೇ ಮಾಡಿಸಿದಿರಿ, ಇದು ಸರಿಯಾಯಿತು. ಹಾಗಾದರೆ ನಾನು ಎಡವಿದ್ದು ಎಲ್ಲಿ?"

ಜಲಜಕ್ಕ ಚಪ್ಪಲಿ ಮೆಟ್ಟಿಕೊಂಡರು. ತಲೆಯೆತ್ತಿ, ಟಿಕ್ ಟಿಕ್ ಅನ್ನುತ್ತಿದ್ದ ಅಂಗಡಿಯ ಗೋಡೆಗಳನ್ನು ನೋಡಿದರು.

"ಇಷ್ಟು ಗಡಿಯಾರ ನೇತುಹಾಕಿಕೊಂಡು, ಹೊತ್ತು ಯಾವುದು ಅಂತ ನನ್ನ ಹತ್ತಿರ ಕೇಳ್ತೀಯಲ್ಲ ಮಾರಾಯ!"