ಯಮನೂರನ ಮೀಸೆ ಮತ್ತು ತಾಮ್ರದ ಚೂರು

ನಂಬುವುದಿದ್ದರೆ ನಂಬಿ, ಇಲ್ಲದಿದ್ದರೆ ಎರೆಗುಡ್ಡಕ್ಕೆ ಬಂದು ಯಾರನ್ನಾದರೂ ಕೇಳಿ: ಮೂರು ವರ್ಷ ಗುಡಿಸಿದ ಕಸ ಒಂದು ಊರಿಗೆ ನೀರು ಕುಡಿಸಿತು. ಸುಳ್ಳು ಅನ್ನುವವರು ಮೊದಲು ನಮ್ಮ ನಲ್ಲಿಯ ನೀರು ಕುಡಿದು ಆಮೇಲೆ ಮಾತಾಡಲಿ.

ಎರೆಗುಡ್ಡದಲ್ಲಿ ದಾವಲಸಾಬ ಎಂಬ ಮೇಸ್ತ್ರಿ ಇದ್ದ. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವುದು ಅವನ ಕಸುಬು. ಅವನ ಶಿಷ್ಯ ಯಮನೂರ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಮೀಸೆ ಮಾತ್ರ ಇಡೀ ಹೋಬಳಿಗೇ ದೊಡ್ಡದು.

"ಹತ್ತು ಹಳ್ಳ್ಯಾಗ ನನ್ನಂಗ ತಂತಿ ಸುತ್ತೋನು ಇದ್ರ ತೋರಸ್ರಿ" ಎಂಬುದು ಅವನ ದಿನನಿತ್ಯದ ಮಾತು.

ಸುತ್ತಿ ಮುಗಿಸಿದ ಮೇಲೆ ತಂತಿಯ ತುದಿಯನ್ನು ಗೇಣುದ್ದ ಕತ್ತರಿಸಿ ನೆಲಕ್ಕೆ ಬಿಸಾಡುತ್ತಿದ್ದ. ತುದಿಗೆ ಬೆರಳುದ್ದ ಹೆಚ್ಚು ಬಿಟ್ಟುಕೊಂಡಿದ್ದರೆ ಸಾಕಾಗುತ್ತಿತ್ತು. ಮೇಸ್ತ್ರಿ ನೋಡಿದರೆ, "ಅಳೆದು ಸುರಿದು ಮಾಡಾಕ ನಾವೇನು ಜಿಪುಣರೇನ್ರಿ ಉಸ್ತಾದ್ರ?" ಅನ್ನುತ್ತಿದ್ದ. ಅಂಗಡಿ ಮುಚ್ಚುವಾಗ ಕಸ ಮಾತ್ರ ಮೇಸ್ತ್ರಿ ತಾನೇ ಗುಡಿಸುತ್ತಿದ್ದ.

ಆ ಅಂಗಡಿಯಲ್ಲೊಂದು ರೂಢಿ. ಮೋಟಾರಿನಿಂದ ಕಿತ್ತ ಸುಟ್ಟ ತಂತಿ ಶಿಷ್ಯನ ಪಾಲು.

ಒಂದು ಬೇಸಿಗೆಯಲ್ಲಿ ಊರಿಗೆ ಕುಡಿಯುವ ನೀರೆತ್ತುವ ಸೋಲಾರ್ ಪಂಪಿನ ಮೋಟಾರು ಸುಟ್ಟುಹೋಯಿತು. ಯಮನೂರ ಕಟ್ಟೆ ಹತ್ತಿ ಮೀಸೆ ತಿರುವಿದ: "ಶುಕ್ರವಾರಕ್ಕ ನೀರು. ಬರಲಿಲ್ಲಂದ್ರ ಈ ಮೀಸಿ ಬೋಳಿಸ್ತೀನಿ!"

ಅಂದೇ ಸುಟ್ಟ ತಂತಿ ಕಿತ್ತ. ಗುಜರಿ ಟೆಂಪೋದವನಿಗೆ ಹಾಕಿದ. ಬಂದ ದುಡ್ಡಿಗೆ ಕಪ್ಪು ಕನ್ನಡಕ ಕೊಂಡ. ಆಮೇಲೆ ಪೇಟೆಯ ತಂತಿ ಅಂಗಡಿಗೆ ಫೋನು ಮಾಡಿದ.

"ತಂತಿ ಇಲ್ಲೋ ತಮ್ಮಾ" ಅಂದ ಅಂಗಡಿಯವನು. "ಗಾಳಿಯಂತ್ರಕ್ಕೂ ತಾಮ್ರ, ಕರೆಂಟ್ ಗಾಡಿಗೂ ತಾಮ್ರ, ಸೋಲಾರಿಗೂ ತಾಮ್ರ. ಎಲ್ಲಾರೂ ಒಮ್ಮೆಲೆ ಕೇಳಿದ್ರ ಎಲ್ಲಿಂದ ತರ್ಲಿ? ಹಳೇ ತಾಮ್ರ ಕೊಟ್ಟೋರಿಗಷ್ಟ ಹೊಸಾದು, ತೂಕಕ್ಕ ತೂಕ. ನಿನ್ನ ಮೋಟಾರಿಗೆ ಐದು ಕಿಲೋ ಬೇಕು. ಐದು ಕಿಲೋ ತಗೊಂಡು ಬಾ."

ಯಮನೂರ ಟೆಂಪೋ ಹಿಂದೆ ಓಡಿದ. ಅದು ಯಾವಾಗಲೋ ಊರು ದಾಟಿತ್ತು.

ಬುಧವಾರ ಬಂತು. ಸೋಲಾರ್ ಹಲಗೆಗಳು ಬಿಸಿಲಲ್ಲಿ ಥಳಥಳ ಹೊಳೆಯುತ್ತಿದ್ದವು. ಹೆಂಗಸರು ದೂರದ ಸವಳು ಬಾವಿಯಿಂದ ನೀರು ಹೊರುತ್ತಿದ್ದರು. ಕೊಡ ಹೊತ್ತ ಗಾಳೆವ್ವ ಅಂಗಡಿ ಮುಂದೆ ನಿಂತಳು.

"ಏ ಯಮನೂರ, ಬಿಸಿಲು ರಗಡ ಐತಿ, ನೀರ್ಯಾಕ ಬರವಲ್ದು? ನಿನ್ನ ಕನ್ನಡಕದಾಗ ಕಾಣವಲ್ದೇನು? ಇರ್ಲಿ, ಶುಕ್ರವಾರ ಕತ್ರಿ ನಾನ ತರ್ತೀನಿ."

ಯಮನೂರ ಕನ್ನಡಕ ತೆಗೆದ. ಮೇಸ್ತ್ರಿಯ ಮುಂದೆ ಹೋಗಿ ನಿಂತ. "ಉಸ್ತಾದ್ರ, ತಪ್ಪಾತ್ರಿ. ಸುಟ್ಟ ತಂತಿ ಮಾರಿಬಿಟ್ಟೆ. ಈಗ ಕೊಡಾಕ ನನ್ನ ಕಡೆ ಹಳೇ ತಾಮ್ರ ಇಲ್ಲ." ಅವನ ಬಾಯಿಂದ 'ತಪ್ಪಾಯಿತು' ಎಂಬ ಮಾತು ಬಂದದ್ದು ಅದೇ ಮೊದಲು.

ಮೇಸ್ತ್ರಿ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿ ತಕ್ಕಡಿಗೆ ಇಟ್ಟ. ಐದು ಕಿಲೋ, ಮೇಲೊಂದು ಹಿಡಿ. ಯಮನೂರ ಚೀಲಕ್ಕೆ ಕೈ ಹಾಕಿದ. ಎಲ್ಲವೂ ಗೇಣುದ್ದದ ತಾಮ್ರದ ತುಂಡುಗಳು.

"ಇವು ಯಾರ್ವು ಉಸ್ತಾದ್ರ?"

"ಜಿಪುಣ ಅಲ್ಲದೋರ್ವು."

ಯಮನೂರ ಚೀಲ ಹೊತ್ತು ಪೇಟೆಗೆ ಹೋದ, ಅದೇ ಚೀಲದಲ್ಲಿ ಹೊಸ ತಂತಿ ತಂದ. ಗುರುವಾರ ಹಗಲೆಲ್ಲ ಕೂತು ಸುತ್ತಿದ. ತುದಿಗಳನ್ನು ಬೆರಳುದ್ದಕ್ಕೆ ಅಳೆದು ಬಿಟ್ಟ. ಶುಕ್ರವಾರ ಬಿಸಿಲೇರುತ್ತಿದ್ದಂತೆ ಗಾಳೆವ್ವನ ಕೊಡಕ್ಕೇ ಮೊದಲ ನೀರು ಬಿತ್ತು. ಅವಳು ಸೆರಗಿನಲ್ಲಿದ್ದ ಕತ್ತರಿ ತೋರಿಸಿ ನಕ್ಕಳು. "ಉಳಕೊಂಡಿ ಬಿಡಪಾ."

ಯಮನೂರ ಮೀಸೆ ಸವರಿಕೊಂಡು ಅಂಗಡಿಗೆ ಬಂದ. ಏನಾದರೂ ಇನಾಮು ಸಿಕ್ಕೀತು ಎಂಬ ಆಸೆ ಅವನಿಗೆ. ಮೇಸ್ತ್ರಿ ಅದೇ ಗೋಣಿಚೀಲ ಝಾಡಿಸಿ ಅವನ ಕೈಗಿಟ್ಟ.

"ಇದು ತುಂಬಾಕ ಮೂರು ವರ್ಷ ಹಿಡೀತು. ಇನ್ಮ್ಯಾಲ ನಿನ್ನ ಕೈಯಾಗ ಮೂವತ್ತು ವರ್ಷ ಹಿಡೀಲಿ."

ಹತ್ತು ಹಳ್ಳಿಯ ಜಾಣ ಯಮನೂರನಿಗೆ ಕೊನೆಗೆ ಸಿಕ್ಕಿದ್ದು ಒಂದು ಖಾಲಿ ಚೀಲ.

ನೀತಿ: ಬಿಸಿಲು, ಗಾಳಿ ಪುಕ್ಕಟೆ, ಅವನ್ನು ದುಡಿಸುವ ಲೋಹ ಪುಕ್ಕಟೆಯಲ್ಲ. ಹೊಸದನ್ನು ಕೇಳುವ ಮೊದಲು, ಕೈಯಲ್ಲಿರುವುದನ್ನು ಚೂರೂ ಚೆಲ್ಲದೆ ಬಳಸು.