ತಾಯೇಡಿ ಕೆರೆಯ ಮುರಿದ ಏರಿ

ಬೆಟ್ಟದ ಬುಡದಲ್ಲಿರುವ ನಮ್ಮ ತಾಯೇಡಿ ಕೆರೆಗೆ ಬಂದವರೆಲ್ಲ ಮೊದಲು ಕೇಳುವುದು, ಏರಿ ನಡುವೆ ಯಾಕೆ ಮುರಿದಿದೆ, ಯಾಕೆ ಯಾರೂ ಕಟ್ಟಲಿಲ್ಲ ಎಂದು. ನಾವೇನು ಸೋಮಾರಿಗಳಲ್ಲ ಸ್ವಾಮಿ, ಸ್ವಲ್ಪ ಕೂತು ಕೇಳಿ. ಹಿಂದೆ ಒಮ್ಮೆ ಈ ಏರಿಯನ್ನು ಕಾಯುತ್ತಿದ್ದ ನೀರಗಂಟಿಯ ಹೆಸರು ಮೂಡ್ಲಯ್ಯ ಎನ್ನುತ್ತಾರೆ. ಬೇಸಿಗೆಯಲ್ಲಿ ತಾಯಿ ಏಡಿಗಳು ಏರಿಯೊಳಗೆ ಬಿಲ ತೋಡಿ, ಹೊಟ್ಟೆಯ ಮಡಿಕೆಯಲ್ಲಿ ಮರಿಗಳನ್ನಿಟ್ಟುಕೊಂಡು ಮಳೆಗೆ ಕಾಯುತ್ತವೆ. ಬಿಲ ಹಾಗೇ ಬಿಟ್ಟರೆ ನೀರು ಸೋರುತ್ತದೆ, ಮುಚ್ಚಲೇಬೇಕು. ಆದರೆ ಮುಚ್ಚುವ ಮುನ್ನ ಬಿಲದ ಬಾಯಿಗೆ ಒಂದು ಕೊಡ ನೀರು ಸುರಿದು, "ಮಳೆ ಬಂತು ತಾಯಿ, ಹೊರಡು" ಎಂದು ಹೇಳಿ, ತಾಯೇಡಿ ಹೊರಬಂದು ಹೋಗುವವರೆಗೂ ಕಾಯುವುದು ಇಲ್ಲಿಯ ಕಟ್ಟಳೆ.

ಆ ವರ್ಷ ಬೆಟ್ಟದ ಮೇಲೆ ಮೋಡ ಬೇಗ ಕಪ್ಪಿಟ್ಟಿತು. ಏರಿಯ ಕೆಳಗೇ ಮೂಡ್ಲಯ್ಯನ ಗುಡಿಸಲು, ಅದರಲ್ಲಿ ಹಸಿ ಬಾಣಂತಿ ಮಗಳು ಪುಟ್ನಿಂಗಿ, ತೊಟ್ಟಿಲಲ್ಲಿ ಕೂಸು. ಏರಿ ಸೋರಿದರೆ ಮೊದಲು ಮುಳುಗುವುದು ತನ್ನ ಮನೆಯೇ ಎಂದು ಅವನ ಜೀವ ಬಾಯಿಗೆ ಬಂದಿತ್ತು. ನೀರು ಸುರಿಯಲಿಲ್ಲ, ಕಾಯಲಿಲ್ಲ. ಒಳಗೆ ತಾಯೇಡಿ ಇರುವಾಗಲೇ ಬಿಲಗಳಿಗೆಲ್ಲ ಜೇಡಿ ಮೆತ್ತಿ, ಗುದ್ದಿ, ಉಸ್ಸಪ್ಪಾ ಎಂದು ಮನೆಗೆ ಹೋದ. ಬಿಲದ ಬಾಯಿ ಮುಚ್ಚಿದರೆ ಏಡಿ ಸುಮ್ಮನಿರುತ್ತದೆಯೇ? ಒಳಗೊಳಗೇ ಏರಿಯ ಆ ಮಗ್ಗುಲಿಗೆ, ಗುಡಿಸಲಿನ ಕಡೆಗೆ ತೋಡುತ್ತಾ ಹೋಯಿತು. ಕೆರೆ ತುಂಬಿದ ಮಧ್ಯಾಹ್ನ ನೀರು ಅದೇ ದಾರಿ ಹಿಡಿಯಿತು. ಏರಿ ಬಾಯಿಬಿಟ್ಟಿತು. ಪುಟ್ನಿಂಗಿ ಹುಣಸೇಮರಕ್ಕೆ ಸಿಕ್ಕಿಕೊಂಡು ಉಳಿದಳು. ತೊಟ್ಟಿಲು ಸಿಗಲೇ ಇಲ್ಲ.

ನೀರಿಳಿದ ಮೇಲೆ ಮುರಿದ ಮಣ್ಣಿನಿಂದ ಒಂದು ತಾಯೇಡಿ ಮರಿಗಳ ಸಮೇತ ಹೊರಬಂತಂತೆ. ಮೂಡ್ಲಯ್ಯ ಗುದ್ದಲಿ ಎತ್ತಿದ. ಮಗಳು ಅವನ ಕೈ ಹಿಡಿದಳು. "ಬಿಡಪ್ಪಾ, ಅದರ ಮಕ್ಕಳಾದರೂ ಉಳೀಲಿ" ಎಂದಳು. ಅವನು ಗುದ್ದಲಿ ಕೆಳಗಿಟ್ಟ. ಅಂದಿನಿಂದ ಈ ಮುರುಕು ಏಡಿಗಳದ್ದು, ಯಾರೂ ಕಟ್ಟುವುದಿಲ್ಲ, ಅದರ ಮಟ್ಟದವರೆಗೆ ನಿಂತಷ್ಟೇ ನಮಗೆ ನೀರು; ಕೆರೆಗೂ ತಾಯೇಡಿಯದೇ ಹೆಸರು.

ಮೊನ್ನೆ ಮೊನ್ನೆ ಯಾರೋ ರೆಸಾರ್ಟಿನವರು, ಕಾಲಿಗೆ ಕೆಸರಾಗುತ್ತದಂತೆ, ಉಳಿದ ಏರಿಯುದ್ದಕ್ಕೂ, ಒಳಗೆ ಏಡಿಗಳಿರುವಾಗಲೇ, ಬಿಲಗಳ ಮೇಲೆಲ್ಲ ಸಿಮೆಂಟು ಬಳಿದರು. ಬೇಡವೆಂದರೆ ನಕ್ಕರು. ಸಿಮೆಂಟಿಗೆ ಸಿಗದೆ ಉಳಿದಿರುವುದು ಮುರುಕಿನ ಪಕ್ಕದ ಈ ಒಂದೇ ಬಿಲ, ನೀವೂ ನೋಡಬಹುದು. ಬೆಟ್ಟದ ಮೇಲೆ ಮೋಡ ಕಟ್ಟಿದೆ. ಏರಿಯ ಕೆಳಗೆ ಈಗ ಒಂದು ಗುಡಿಸಲಲ್ಲ, ಇಡೀ ಊರಿದೆ. ಬೆಳಿಗ್ಗೆಯೇ ಈ ಬಿಲಕ್ಕೆ ಒಂದು ಕೊಡ ನೀರು ಸುರಿದು ಕರೆದಿದ್ದೇವೆ, ಇಲ್ಲೇ ಕೂತಿದ್ದೇವೆ. ತಾಯಿ ಇನ್ನೂ ಹೊರಗೆ ಬಂದಿಲ್ಲ.